ಕಸಿ ಇಲ್ಲದ ಕುಂಚಿಗಿ

ನಮ್ಮ ಮನೆಯ ಟ್ರಂಕು ತೆಗೆದರೆ ಮೇಲೆಯೇ ಕುಂಚಿಗಿಗಳು ಸಿಗುತ್ತವೆ. ಕೆಂಪು ಖಣದವು, ಹಸಿರು ಖಣದವು, ಗಿಳಿಹಸಿರಿಗೆ ಕುಂಕುಮ ಬಣ್ಣದ ಅಂಚು ಕಟ್ಟಿದವು. ಒಂದಕ್ಕೂ ಕಸಿ ಇರುವುದಿಲ್ಲ. ಹೊಸದಾಗಿ ನೋಡಿದವರು, "ಅಯ್ಯ, ಕಸಿ ಹಚ್ಚೋದು ಮರ್ತೀರಲ್ರಿ" ಅನ್ನುತ್ತಾರೆ. ಸಾರಿಗೆ ಉಪ್ಪು ಹಾಕುವುದನ್ನು ಮರೆತೇನು, ಕಸಿ ಮರೆಯುವವಳಲ್ಲ ನಾನು.

ಬೇರೆ ಕಡೆಯವರು ಓದಿದರೆ ತಿಳಿಯಲೆಂದು ಹೇಳುತ್ತೇನೆ. ಕುಂಚಿಗಿ ಎಂದರೆ ಎಳೆಕೂಸಿಗೆ ಖಣದಲ್ಲಿ, ಕುಪ್ಪಸದ ರೇಷ್ಮೆ ಬಟ್ಟೆಯಲ್ಲಿ, ಹೊಲಿದು ತೊಡಿಸುವ ಟೊಪ್ಪಿಗೆ. ಬರೀ ಟೊಪ್ಪಿಗೆಯಾದರೆ ತಲೆಗೆ ಸಾಕಾಗುತ್ತದೆ. ಇದು ತಲೆ, ಕಿವಿ ಮುಚ್ಚಿ, ಹಿಂದೆ ಬೆನ್ನಿನ ಮೇಲೂ ಸೆರಗಿನ ಹಾಗೆ ಇಳಿದಿರುತ್ತದೆ. ಗದ್ದದ ಕೆಳಗೆ ಕಟ್ಟಲು ಎರಡು ಬದಿಗೆ ಬಟ್ಟೆಯದೇ ಸಣ್ಣ ಪಟ್ಟಿ ಹಚ್ಚುತ್ತೇವೆ. ಅದೇ ಕಸಿ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಹೊಸ ಕುಂಚಿಗಿ ಬೇಕೇ ಬೇಕು. ಅದನ್ನು ತರುವ ಹಕ್ಕು ಬಾಣಂತಿಯ ತವರಿನವರದು. ಅಕ್ಕಿ ಗಿರಣಿ ಇಟ್ಟವರಿರಲಿ, ಗಿರಣಿಯಲ್ಲಿ ಚೀಲ ಹೊರುವವರಿರಲಿ, ಕುಂಚಿಗಿ ತರದೆ ಆ ದಿನ ಬಾಗಿಲಿಗೆ ಬರುವುದಿಲ್ಲ.

ನಾನು ಹುಟ್ಟಿದ್ದು ಕುಷ್ಟಗಿ ಕಡೆ, ಜೋಳದ ನೆಲದಲ್ಲಿ. ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿದರು, ಮುಂದೆ ಮದುವೆ ಮಾಡಿ ನವಲಿಗೆ ಕಳಿಸಿದರು. ಸೂಜಿ ಹಿಡಿಯಲು ಕಲಿಸಿದ್ದು ಅತ್ತೆ. ಅವರು ಅದನ್ನು ದಂಧೆ ಮಾಡಿದವರಲ್ಲ. ಓಣಿಯಲ್ಲಿ ಯಾರಿಗಾದರೂ ಕೂಸು ಹುಟ್ಟಿದರೆ ಹೊಲಿದು ಕೊಡುತ್ತಿದ್ದರು, ಅವರು ಮೊರದಲ್ಲಿ ಅಕ್ಕಿ, ಬೆಲ್ಲ ಇಟ್ಟು ಕಳಿಸುತ್ತಿದ್ದರು. ದಂಧೆ ಮಾಡಿದ್ದು ನಾನು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಅಕ್ಕಿ, ಬೆಲ್ಲ ನಮ್ಮ ಮನೆಯಲ್ಲೂ ಇದ್ದವು.

ಆದರೆ ಈ ದಂಧೆಗೆ ಒಂದು ತೊಡಕು ಇದೆ. ಕೂಸು ಹುಟ್ಟುವ ಮೊದಲು ಅದಕ್ಕೆ ಏನನ್ನೂ ಹೊಲಿಯಬಾರದು. ಹೊಟ್ಟೆಯಲ್ಲಿರುವುದರ ಅಳತೆ ತೆಗೆದುಕೊಂಡ ಹಾಗಾಗುತ್ತದೆ ಅನ್ನುತ್ತಾರೆ. ತೊಟ್ಟಿಲು ತರಬಾರದು, ಅಂಗಿ ತರಬಾರದು, ಕುಂಚಿಗಿಯಂತೂ ಮನೆಯ ಹೊಸಿಲು ದಾಟಬಾರದು. ಹೀಗಾಗಿ ಹೆರಿಗೆಯಾದ ಸುದ್ದಿ ಬಂದ ಮೇಲೆ, ಹೆಸರಿಡುವ ಮೊದಲು, ಅಷ್ಟರೊಳಗೆ ಹೊಲಿದು ಕೊಡಬೇಕು. ಕೂಸುಗಳು ಸರದಿ ಹಿಡಿದು ಹುಟ್ಟುವುದಿಲ್ಲ. ಒಂದು ವಾರ ಒಬ್ಬರೂ ಬರುವುದಿಲ್ಲ, ಮರುವಾರ ಕನಕಗಿರಿಯಿಂದ ಒಬ್ಬರು, ಕಾರಟಗಿಯಿಂದ ಒಬ್ಬರು, ನಮ್ಮ ಓಣಿಯಿಂದಲೇ ಇಬ್ಬರು ಬಂದು ಕೂರುತ್ತಾರೆ. ಕೈಹೊಲಿಗೆ ಎಂದರೆ ಅವಸರಕ್ಕೆ ಓಡುವ ಕೆಲಸವೇ?

ಇದಕ್ಕೆ ಉಪಾಯ ಅತ್ತೆಯೇ ಹುಡುಕಿದ್ದರು. ನಾನು ಹೊಸ ಸೊಸೆ. ಯಾರ ಮನೆಯಲ್ಲೂ ಬಾಣಂತನ ಇಲ್ಲದ ದಿನಗಳಲ್ಲಿ ಅತ್ತೆ ಖಣ ಕತ್ತರಿಸಿಕೊಂಡು ಕುಳಿತಿದ್ದರು.

"ಅತ್ತಿ, ಯಾರೂ ಹಡದಿಲ್ಲಲ್ರಿ, ಈಗ್ಯಾಕ ಹೊಲಿಯಾಕತ್ತೀರಿ?" ಎಂದೆ.

"ಏನ್ ಹೊಲಿಯಾಕತ್ತೀನಿ?"

"ಕುಂಚಿಗಿ."

"ಕಸಿ ಎಲ್ಲೈತಿ ಇದಕ್ಕ? ಕಸಿ ಇಲ್ಲಂದ್ರ ಕುಂಚಿಗಿ ಅಲ್ಲ, ಅರಿವಿ. ಅರಿವಿ ಹೊಲಿಯಾಕ ಯಾರಪ್ಪಂದೇನ್ ಅಡ್ಡಿ?"

ಆ ಮಾತು ನನಗೆ ಬಹಳ ಹಿಡಿಸಿತು. ಅಂದಿನಿಂದ ಇಂದಿನವರೆಗೆ ನಮ್ಮ ಟ್ರಂಕಿನಲ್ಲಿರುವುದು ಅರಿವೆಗಳೇ, ಬರೀ ಬಟ್ಟೆಗಳೇ. ಫೋನು ಬರುತ್ತದೆ, ಹೆರಿಗೆಯಾಯಿತು ಅನ್ನುತ್ತಾರೆ, ಟ್ರಂಕು ತೆಗೆದು ಕಸಿ ಹಚ್ಚುತ್ತೇನೆ, ಕುಂಚಿಗಿಯಾಗುತ್ತದೆ. ಇದನ್ನೆಲ್ಲ ನೀವು ನಂಬುತ್ತೀರಾ ಎಂದು ಒಬ್ಬ ಕಾಲೇಜು ಹುಡುಗಿ ಕೇಳಿದಳು. ನಾನು ನಂಬುವುದು, ಬಿಡುವುದು ಆಚೆಗಿರಲಿ. ಕೊಳ್ಳುವವರು ನಂಬುತ್ತಾರಲ್ಲ.

ನಮ್ಮ ಕುಂಚಿಗಿಗೆ ಮಿಷನ್ ತಾಗಿಸುವುದಿಲ್ಲ. ಮಿಷನ್ ಹೊಲಿಗೆಯಲ್ಲಿ ದಾರದ ಗಂಟು ಒಳಗಡೆ ನಿಲ್ಲುತ್ತದೆ. ನಮಗೆ ನಿಮಗೆ ಅದು ತಿಳಿಯುವುದಿಲ್ಲ, ಕೂಸಿನ ನೆತ್ತಿಗೆ ತಿಳಿಯುತ್ತದೆ. ಒಳಗಿನ ಅಸ್ತರಿಗೆ ಹಳೆಯ ನೂಲಿನ ಸೀರೆಯೇ ಆಗಬೇಕು, ಒಗೆದು ಒಗೆದು ಬೆಣ್ಣೆಯ ಹಾಗಾಗಿರಬೇಕು. ಗಂಟನ್ನು ಎರಡು ಬಟ್ಟೆಯ ನಡುವೆ ಅಡಗಿಸಿಡುತ್ತೇನೆ. ಹೊರಗೆ ತಿರುವಿದರೂ, ಒಳಗೆ ತಿರುವಿದರೂ ಗಂಟು ಕಾಣಿಸಿದರೆ ನನ್ನ ಹೆಸರು ಬೇರೆ ಇಡಿರಿ. ಹಾಗೆಂದು ಬಂದವರಿಗೆ ಹೇಳುತ್ತೇನೆ, ಅವರು ಹುಡುಕುತ್ತಾರೆ, ಸಿಗುವುದಿಲ್ಲ.

ಇನ್ನು ಸೊಸೆಯ ಮಾತು. ಯಲಬುರ್ಗಾ ಕಡೆಯ ಹುಡುಗಿ. ನೋಡಲು ಹೋದಾಗ ಅವಳ ತಾಯಿ ಮುಂದಿಟ್ಟ ದಿಂಬಿನ ಚೀಲದ ಹೊಲಿಗೆ ನೋಡಿಯೇ ನಾನು ಹೂಂ ಎಂದದ್ದು. ಮಗ ಹುಡುಗಿಯನ್ನು ನೋಡಿದ, ನಾನು ದಿಂಬು ನೋಡಿದೆ. ಕೈ ಸಣ್ಣದು, ಹೊಲಿಗೆ ಸಣ್ಣದು. ನನಗೆ ಮೊದಲ ವರ್ಷವೇ ತಿಳಿಯಿತು, ಇವಳು ಕೂತರೆ ನನಗಿಂತ ಮುಂದೆ ಹೋಗುತ್ತಾಳೆ.

ಕೂರಲು ಬಿಡುವು ಎಲ್ಲಿತ್ತು? ಮಗ ಭತ್ತ ಕೊಯ್ಯುವ ಯಂತ್ರದ ಮೇಲೆ ಡ್ರೈವರನಾಗಿ ಊರೂರು ತಿರುಗುತ್ತಾನೆ. ನಮಗೆ ಸ್ವಂತ ಹೊಲವಿಲ್ಲ. ಕಾಲುವೆಗೆ ನೀರು ಬಿಟ್ಟರೆಂದರೆ ಸೊಸೆ ನಾಟಿ ಹಚ್ಚುವ ಹೆಂಗಸರ ಗುಂಪಿನಲ್ಲಿ ಕೆಸರಿಗೆ ಇಳಿಯಬೇಕು. ಕೆಸರುಗದ್ದೆ ನೋಡಲು ಹಸಿರು, ಕಾಲಿಟ್ಟವರಿಗೆ ಗೊತ್ತು. ಗೊಬ್ಬರ, ಔಷಧ ಬೆರೆತ ನೀರಿನಲ್ಲಿ ದಿನವಿಡೀ ಬಗ್ಗಿ ನಿಂತರೆ ಕಾಲ್ಬೆರಳ ಸಂದಿಯಲ್ಲಿ ಹುಣ್ಣಾಗುತ್ತವೆ, ಕೈಬೆರಳ ತುದಿ ಒಡೆಯುತ್ತವೆ. ಅವಳದು ಸೂಕ್ಷ್ಮ ಚರ್ಮ, ಒಂದು ನಾಟಿಯ ಹುಣ್ಣು ಮಾಯುವಷ್ಟರಲ್ಲಿ ಮುಂದಿನ ನಾಟಿ ಬರುತ್ತಿತ್ತು. ಬೆರಳು ಬಾತು ಕಾಲುಂಗುರ ಒತ್ತತೊಡಗಿದಾಗ ತೆಗೆದು ಖಣದ ಚೂರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು, ಕುಂಚಿಗಿಗಳ ಪಕ್ಕದಲ್ಲಿ.

ನೀರಿನ ನಲ್ಲಿಯ ಹತ್ತಿರ ಮಾತು ಶುರುವಾಯಿತು. ಓಣಿಯವಳೊಬ್ಬಳು ನನಗೆ ಕೇಳುವ ಹಾಗೆಯೇ ಅಂದಳು, "ಗಂಡ ಇದ್ದಾಕಿ, ಬರೇ ಕಾಲಾಗ ಅಡ್ಯಾಡ್ತಾಳ ನೋಡ್ರಿ."

"ನಿನ್ನ ಕಾಲುಂಗುರ ಹಾಕ್ಕೊಂಡು ಒಂದಿನ ಕೆಸರಾಗ ಇಳಿ," ಎಂದೆ. "ಆಮ್ಯಾಲ ನಿನ್ನ ಶಾಸ್ತ್ರ ಕೇಳ್ತೀನಿ."

ಸೊಸೆ ಕೊಡ ತುಂಬುವಾಗ ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡಿದ್ದನ್ನು ನಾನು ನೋಡಿದೆ.

ಹುಣ್ಣಿಗಿಂತ ದೊಡ್ಡ ತೊಂದರೆ ಅವಳ ಕೈಯದು. ಒಡೆದ ಬೆರಳು ಖಣದ ಮೇಲೆ ಆಡಿದರೆ ರೇಷ್ಮೆಯ ಎಳೆ ಸಿಕ್ಕಿ ಹೊರಗೆ ಬರುತ್ತದೆ. ಒಂದು ಎಳೆ ಎದ್ದರೆ ಆ ಖಣ ಕೆಟ್ಟ ಹಾಗೆಯೇ. ನಾಟಿಯ ದಿನಗಳಲ್ಲಿ ಮತ್ತು ಅದಾದ ಎಷ್ಟೋ ದಿನ ಅವಳನ್ನು ಖಣದ ಹತ್ತಿರ ನಾನು ಬಿಡುತ್ತಿರಲಿಲ್ಲ. ಕೆಸರು ಮತ್ತು ಸೂಜಿ, ಎರಡೂ ಒಂದೇ ಕೈಗೆ ಆಗುವುದಿಲ್ಲ. ಒಂದನ್ನು ಬಿಡಲೇಬೇಕು. ಕೆಸರು ಬಿಡಬೇಕಾದರೆ ಕುಂಚಿಗಿ ಈಗ ಹೋಗುವುದಕ್ಕಿಂತ ಹೆಚ್ಚು ಹೋಗಬೇಕು, ವರ್ಷವಿಡೀ ಹೋಗಬೇಕು.

ಅವಳು ತನ್ನ ಫೋನಿನಲ್ಲಿ ಕುಂಚಿಗಿಗಳ ಫೋಟೋ ತೆಗೆದು ಗುರುತಿನವರಿಗೆ ಕಳಿಸುತ್ತಿದ್ದಳು. ಅದು ಯಾರಿಂದ ಯಾರಿಗೋ ಹೋಗಿ ಗಂಗಾವತಿಯ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರ ಕಣ್ಣಿಗೆ ಬಿತ್ತು. ತಂದು ತೋರಿಸಿ ಎಂದು ಹೇಳಿ ಕಳಿಸಿದರು. ಅದೇ ವಾರ ನಾಟಿ ಗುಂಪಿನ ಮೇಸ್ತ್ರಿ, ಗಟ್ಟಿ ಹೆಂಗಸು, ನಮ್ಮ ಬಾಗಿಲಿಗೆ ಬಂದಳು.

"ಈ ಸಲ ನಿಮ್ಮ ಸೊಸಿ ಬರ್ತಾಳೋ ಇಲ್ಲೋ ಹೇಳಿಬಿಡ್ರಿ. ಬರಂಗಿಲ್ಲಂದ್ರ ಆ ಜಾಗಕ್ಕ ಬ್ಯಾರೆಯಾಕಿನ್ನ ಹಾಕ್ಕೊಂತೀನಿ. ಆಮ್ಯಾಲ ಬಂದು ಅತ್ರ ನನ್ನ ಕೈಯಾಗಿಲ್ಲ."

"ಸ್ವಾಮಾರ ಸಂಜಿಗೆ ಹೇಳ್ತೀವಿ," ಎಂದೆ.

ಮರುದಿನವೇ ಅತ್ತೆ ಸೊಸೆ ಇಬ್ಬರೂ ಗಂಗಾವತಿಯ ಬಸ್ಸು ಹತ್ತಿದೆವು. ಕುಂಚಿಗಿಗಳನ್ನು ಹಳೆಯ ದುಪ್ಪಟದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತವಳು ರೊಟ್ಟಿಯೇನ್ರಿ ಎಂದು ಕೇಳಿದಳು.

ಸಾಹುಕಾರರು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಗಲ್ಲಾದ ಹಿಂದೆ ಕೂತಿದ್ದರು. ಒಂದೊಂದನ್ನೇ ತೆಗೆದು ತಿರುವಿ ನೋಡಿದರು. ಗಂಟು ಹುಡುಕಿದರು, ಸಿಗಲಿಲ್ಲ.

"ಭಾಳ ಛಲೋ ಅದಾವ ಯವ್ವಾ. ಆದ್ರ ಕಸಿ?"

"ಕಸಿ ಇಲ್ರಿ."

"ಇಲ್ಲಂದ್ರ?"

"ಹುಟ್ಟಿದ ಮ್ಯಾಲ ಹಚ್ಚೋದು."

"ಯಾರು ಹುಟ್ಟಿದ ಮ್ಯಾಲ?"

"ಕೂಸು ಹುಟ್ಟಿದ ಮ್ಯಾಲ್ರಿ. ಮತ್ಯಾರು, ನೀವ?"

ಅಂಗಡಿಯಲ್ಲಿ ಸೀರೆ ಮಡಿಚುತ್ತಿದ್ದವನು ನಕ್ಕ. ಸಾಹುಕಾರರು ನಗಲಿಲ್ಲ.

"ಗುಂಡಿ ಇಲ್ಲದ ಅಂಗಿ ಮಾರಿದ್ರ ಗಿರಾಕಿ ನನ್ನ ಮಾರಿ ಮ್ಯಾಲ ಒಗದು ಹೋಗ್ತಾರ. ಕಸಿ ಹಚ್ಚಿ ತರ್ರಿ. ನೀವು ಎಷ್ಟು ಹೊಲದ್ರೂ ನಾನು ತಗೋತೀನಿ. ವರ್ಷಪೂರ್ತಿ ತಗೋತೀನಿ."

ಇದೇ ಮಾತು ಕೇಳಲು ನಾವು ಹೋಗಿದ್ದು. ಆದರೂ ನನ್ನ ಬಾಯಿಂದ, "ಹಚ್ಚಂಗಿಲ್ರಿ" ಎಂದು ಬಂತು. ಸೊಸೆ ಹಿಂದಿನಿಂದ ನನ್ನ ಸೊಂಟ ಚಿವುಟಿದಳು. ನಾನು ದುಪ್ಪಟದ ಗಂಟು ಕಟ್ಟಿಕೊಂಡು ಎದ್ದೆ.

ಸೊಸೆ ಮನೆಗೆ ಬಂದವಳೇ ಕಸಿಯ ಪಟ್ಟಿಗಳನ್ನು ತೆಗೆದುಕೊಂಡು, ಸೂಜಿಗೆ ದಾರ ಪೋಣಿಸಿ, ಕೆಂಪು ಕುಂಚಿಗಿಗೆ ಹಚ್ಚಲು ಕೂತಳು.

"ಏನ್ ಮಾಡಾಕತ್ತಿ?"

"ಕಸಿ ಹಚ್ಚಾಕತ್ತೀನ್ರಿ. ನಿಮ್ಮ ಶಾಸ್ತ್ರಕ್ಕ ನನ್ನ ಕಾಲು ಕೊಳಿಬೇಕೇನ್ರಿ ಅತ್ತಿ?"

ಸೊಸೆ ನನಗೆ ಎದುರು ಮಾತಾಡಿದ್ದು ಅದೇ ಮೊದಲೇನಲ್ಲ, ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದ್ದು ಅದೇ ಮೊದಲು.

"ಹಚ್ಚು," ಎಂದೆ. "ಹಚ್ಚಿ ಒಯ್ದು ಅಂಗಡ್ಯಾಗ ತೂಗು ಹಾಕು. ಕುಂಚಿಗಿ ತಗೊಳ್ಳೋರು ಯಾರು? ಬಸರಿ ಹೆಣ್ಣಿನ ತಾಯಿ. ಕಸಿ ಹಚ್ಚಿದ್ದನ್ನ ಆಕಿ ಹೆರಿಗಿ ಮೊದಲ ಮುಟ್ಟತಾಳೇನು? ನಾನು ಬಸರಿದ್ದಾಗ ನಮ್ಮವ್ವ ಒಂದು ಚೂರು ಮನಿಗೆ ತಂದಿದ್ಲೇನು? ಹಡದ ಮ್ಯಾಲ ತಗೊಳ್ಳೋದಾದ್ರ ನಮ್ಮ ಮನಿಗೇ ಬರ್ತಾರ, ಅಂಗಡಿ ಯಾಕ? ಹೆರಿಗಿ ಮೊದಲ ತಗೊಳ್ಳೋ ಹಂಗಿದ್ರ ಅಲ್ಲೇನು ಅಂಗಡ್ಯಾಗ ಖರ್ಚಾಗೋದು? ಇದು ಶಾಸ್ತ್ರದ ಮಾತಲ್ಲ ತಂಗಿ, ಯಾಪಾರದ ಮಾತು."

ಅವಳು ಸೂಜಿ ನಿಲ್ಲಿಸಿದಳು. ಮುಖ ಎತ್ತಿ ಅಂದಳು, "ಹಂಗಾದ್ರ ಇದನ್ನ ಸಾವ್ಕಾರ್ರಿಗೆ ಹೇಳಬೇಕಿತ್ತಲ್ರಿ. ಹಚ್ಚಂಗಿಲ್ಲ ಅಂದು ಮಾರಿ ತಿರುವಿಕೊಂಡು ಬಂದ್ರೆಲ್ಲ. ಅವರಿಗೆ ಹೆಂಗ ತಿಳಿಬೇಕು?"

ಅದು ಖರೆ. ನನಗೆ ಮಾತು ಬಿಡಿಸಿ ಹೇಳುವ ತಾಳ್ಮೆಯಿಲ್ಲ, ಮೊದಲಿನಿಂದಲೂ ಇಲ್ಲ. ಒಪ್ಪಿಕೊಂಡೆ. ಅವಳು ಹಚ್ಚಿದ್ದ ನಾಲ್ಕು ಹೊಲಿಗೆ ಬಿಚ್ಚಿದಳು. ಪ್ರತಿ ಕುಂಚಿಗಿಯ ಒಳಗೆ ಅದರ ಕಸಿ ಎರಡನ್ನೂ ಮಡಿಚಿ, ಅದೇ ಬಣ್ಣದ ದಾರ ಸುತ್ತಿ ಇಟ್ಟಳು. ನೋಡಲು ಬಹಳ ಚೆಂದ ಕಂಡಿತು, ತಾಂಬೂಲ ಮಡಿಚಿಟ್ಟ ಹಾಗೆ. ಸೂಜಿಯನ್ನೂ ಇಡಲು ಹೋದಳು.

"ಕೂಸಿನ ಸಾಮಾನಿನಾಗ ಸೂಜಿ ಇಡ್ತಾರೇನ್ ಹುಚ್ಚಿ?" ಎಂದು ಬೈದೆ. ತೆಗೆದಳು.

ಸೋಮವಾರ ಬೆಳಗ್ಗೆ ಮತ್ತೆ ಹೋದೆವು. ಸಂಜೆಗೆ ಮೇಸ್ತ್ರಿಗೆ ಉತ್ತರ ಹೇಳಬೇಕಿತ್ತು. ಸಾಹುಕಾರರು ನಮ್ಮನ್ನು ನೋಡಿ, "ಹಚ್ಚಿ ತಂದೀರೇನ್ರಿ?" ಎಂದರು. ಸೊಸೆಯೇ ಮಾತಾಡಿದಳು, ಚೆನ್ನಾಗಿ ಬಿಡಿಸಿ ಹೇಳಿದಳು. ಕಸಿ ಇಲ್ಲದಿದ್ದರೆ ಬಸುರಿಯ ತಾಯಿಯೂ ಮೊದಲೇ ಕೊಳ್ಳಬಹುದು, ನಿಮ್ಮ ಅಂಗಡಿಗೆ ಅದೇ ಲಾಭ ಎಂದಳು. ಸಾಹುಕಾರರು ಮಡಿಚಿಟ್ಟ ಕಸಿಯನ್ನು ಬಿಚ್ಚಿ, ಮತ್ತೆ ಸುತ್ತಿ, ತಲೆ ತೂಗಿದರು. ಆದರೂ ಪೂರ್ತಿ ಒಪ್ಪಲಿಲ್ಲ.

"ಅಲ್ಲವಾ, ಗಿರಾಕಿ ಕೇಳ್ತಾರ, ಇದನ್ನ ಆಮ್ಯಾಲ ಹಚ್ಚೋರು ಯಾರು ಅಂತ. ನಾನೇನ್ ಹೇಳ್ಲಿ? ಬಾಣಂತಿ ಮನ್ಯಾಗ ಕೆಲಸ ಬಿಟ್ಟು ಟೇಲರ್ ಕಡೆ ಓಡಬೇಕೇನು?"

ಸೊಸೆ ನನ್ನ ಮುಖ ನೋಡಿದಳು. ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ.

"ಟೇಲರ್ ಯಾಕ್ರಿ? ಸೋದರತ್ತಿ ಹಚ್ಚತಾಳ," ಎಂದೆ.

"ಸೋದರತ್ತಿ?"

"ಹೌದ್ರಿ. ಕೂಸಿಗೆ ಹೆಸರಿಡಾಕಿ ಯಾರು? ಸೋದರತ್ತಿ. ಕಿವ್ಯಾಗ ಕುರ್ರ್ ಅನ್ನಾಕಿ ಯಾರು? ಸೋದರತ್ತಿ. ಹೆಸರು ಹೇಳಿ ಬೆನ್ನ ಮ್ಯಾಲ ಗುದ್ದು ತಿನ್ನಾಕಿ ಯಾರು? ಆಕಿನ. ಕಸಿ ಹಚ್ಚಾಕಿನೂ ಆಕಿನ. ಅಣ್ಣನ ಕೂಸಿಗೆ ಎರಡು ಹೊಲಿಗಿ ಹಾಕಾಕ ಆಗಂಗಿಲ್ಲಂದ್ರ ಎಂಥಾ ಸೋದರತ್ತಿರಿ ಆಕಿ?"

ಸೊಸೆ ಕಣ್ಣು ಅರಳಿಸಿ ನನ್ನನ್ನು ನೋಡುತ್ತಿದ್ದಳು. ಇಂಥ ಪದ್ಧತಿ ಅವಳು ಎಂದೂ ಕೇಳಿರಲಿಲ್ಲ. ಕೇಳಲು ಹೇಗೆ ಸಾಧ್ಯ? ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಅಂಗಡಿಯ ಒಳಗಡೆ ಒಬ್ಬ ತಾಯಿ ತನ್ನ ಬಸುರಿ ಮಗಳನ್ನು ಕೂರಿಸಿಕೊಂಡು ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಆರಿಸುತ್ತಿದ್ದಳು. ಸೀರೆ ಬಿಟ್ಟು ನಮ್ಮ ಕಡೆ ಬಂದಳು. ಕುಂಚಿಗಿ ಮುಟ್ಟಲೋ ಬೇಡವೋ ಎಂದು ಕೈ ಮುಂದೆ ಮಾಡಿ ಹಿಂದಕ್ಕೆಳೆದುಕೊಂಡಳು.

"ಕಸಿ ಹಚ್ಚಿಲ್ಲದ್ದಾದ್ರ ಈಗ ಒಯ್ದ್ರ ನಡಿತೈತೇನ್ರಿ?"

"ಈಗದು ಅರಿವಿ ನೋಡವ," ಎಂದೆ. "ಕಸಿ ಬಿದ್ದ ಮ್ಯಾಲ ಕುಂಚಿಗಿ. ಅರಿವಿ ಒಯ್ಯಾಕ ಯಾರದೇನ್ ಅಡ್ಡಿ?"

ನಮ್ಮ ಅತ್ತೆ ಅಂಗಡಿಯಲ್ಲೇ ನಿಂತು ಮಾತಾಡಿದ ಹಾಗಾಯಿತು ನನಗೆ.

ಅಷ್ಟರಲ್ಲಿ ಮೂಲೆಯಲ್ಲಿ ಟವೆಲು ನೋಡುತ್ತಿದ್ದ ಒಬ್ಬ ಮುದುಕಿ, ನನ್ನ ವಯಸ್ಸಿನವಳೇ, ತಾನಾಗಿಯೇ ಮಾತಿಗೆ ಬಂದಳು. "ಹೌದ್ರಿ, ಖರೆ ಐತಿ. ನಮ್ಮ ಕಡೆನೂ ಹಂಗ. ಸೋದರತ್ತಿನ ಹಚ್ಚಬೇಕು. ಈಗಿನೋರಿಗೆ ಎಲ್ಲಿ ಗೊತ್ತೈತ್ರಿ ಇವೆಲ್ಲ?"

ನಾನು ಆಕೆಯ ಮುಖ ನೋಡಿದೆ. ಸುಳ್ಳಿನ ಸುಳಿವೇ ಇರಲಿಲ್ಲ. ಸ್ವತಃ ಕಂಡವಳ ಹಾಗೆ ನಿಂತಿದ್ದಳು. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ರಸ್ತೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿದ್ದವು. ನಾನು ಆ ಮುದುಕಿಗೆ ಗಂಭೀರವಾಗಿ, "ಅದ ಮತ್ತ" ಎಂದೆ.

ಬಸುರಿಯ ತಾಯಿ ಗಿಳಿಹಸಿರಿನದನ್ನು ಆರಿಸಿಕೊಂಡಳು. ಸಾಹುಕಾರರು ಹಣೆಯ ಮೇಲಿದ್ದ ಕನ್ನಡಕ ಕಣ್ಣಿಗೆ ಇಳಿಸಿ, "ಮನ್ಯಾಗ ಇನ್ನೂ ಎಷ್ಟು ಅದಾವ ಯವ್ವಾ?" ಎಂದರು.

ಸಂಜೆ ಮೇಸ್ತ್ರಿ ಬಂದಳು. ಉತ್ತರ ಸೊಸೆಯದು, ಅವಳೇ ಹೇಳಲಿ ಎಂದು ಬಿಟ್ಟೆ.

"ಬ್ಯಾರೆಯಾಕಿನ್ನ ಹಾಕ್ಕೋರಿ ಅಕ್ಕಾ," ಎಂದಳು.

"ಟೊಪ್ಪಿಗಿ ಹೊಲದ್ರ ಹೊಟ್ಟಿ ತುಂಬತೈತೇನ್ ನೋಡೂನು ತಗೋ," ಎಂದು ಮೇಸ್ತ್ರಿ ಚಪ್ಪಲಿ ಮೆಟ್ಟಿದಳು.

ಅಲ್ಲಿಯವರೆಗೆ ತಡೆದುಕೊಂಡಿದ್ದೆ. "ನಿನ್ನ ಮೊಮ್ಮಗನ ತಲಿ ಮ್ಯಾಲ ಹಾಕಿದ್ದು ಎಲ್ಲಿದು? ಕುಕ್ಕರಿನ ಮುಚ್ಚಳ ಏನು?" ಎಂದೆ. ಅವಳಿಗೂ ನಗು ಬಂತು. ಕೆಟ್ಟವಳಲ್ಲ ಅವಳು, ಅವಳ ಕಾಲೂ ಸೊಸೆಯ ಕಾಲಿನ ಹಾಗೆಯೇ ಇವೆ.

ಆ ಸಲ ಕಾಲುವೆಗೆ ನೀರು ಬಂದಾಗ ಓಣಿಯೆಲ್ಲ ಖಾಲಿಯಾಯಿತು. ನಾವಿಬ್ಬರು ಕಟ್ಟೆಯ ಮೇಲೆ ಖಣ ಹರಡಿಕೊಂಡು ಕೂತೆವು. ಮೊದಮೊದಲು ಅವಳಿಗೆ ಅಸ್ತರು ಮಾತ್ರ ಕೊಟ್ಟೆ. ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬೆಳಗ್ಗೆ ಖಣದ ಒಂದು ಚೂರು ಅವಳ ಮುಂದೆ ಹಿಡಿಯುತ್ತಿದ್ದೆ, ಬೆರಳು ಆಡಿಸು ಎನ್ನುತ್ತಿದ್ದೆ. ಎಳೆ ಸಿಕ್ಕಿಕೊಂಡರೆ ಮತ್ತೆ ಅಸ್ತರು. ಒಂದು ದಿನ ಬೆರಳು ಖಣದ ಮೇಲೆ ನೀರು ಹರಿದ ಹಾಗೆ ಹರಿಯಿತು. ಕೆಂಪು ಖಣವನ್ನು ಅವಳ ಕಡೆ ನೂಕಿದೆ. ಅವಳು ಕತ್ತರಿ ತೆಗೆದುಕೊಂಡಳು.

ಕಾಲು ಮಾಯಲು ಇನ್ನೂ ಹೆಚ್ಚು ದಿನ ಹಿಡಿಯಿತು. ಮಾಯ್ದ ಮೇಲೂ ಬೆರಳು ಮೊದಲಿಗಿಂತ ದಪ್ಪವೇ ಉಳಿದವು. ಕಾಲುಂಗುರಗಳನ್ನು ಸಾಬೂನು ಹಚ್ಚಿ ಏರಿಸಬೇಕಾಯಿತು. ಏರಿಸಿದ್ದು ನಾನು. ಅವಳು ಅಯ್ಯಯ್ಯೋ ಎಂದಳು, ಸುಮ್ನಿರು ಎಂದೆ. ಮರುದಿನ ನೀರಿಗೆ ಹೋಗುವಾಗ ಅಷ್ಟು ಸಪ್ಪಳ ಮಾಡಿಕೊಂಡು ಯಾಕೆ ನಡೆಯುತ್ತಾಳೆ ಎಂದು ನಾನು ಕೇಳಲಿಲ್ಲ.

ಈಗ ಕುಂಚಿಗಿಗಳು ಗಂಗಾವತಿಯಲ್ಲಿ ಮಾತ್ರವಲ್ಲ, ಕೊಪ್ಪಳದ ಅಂಗಡಿಯಲ್ಲೂ ಸಿಗುತ್ತವೆ. ಹುಲಿಗಿಗೆ ಬಂದ ಭಕ್ತರೂ ದರ್ಶನ ಮುಗಿಸಿ ಹೋಗುವಾಗ ಒಯ್ಯುತ್ತಾರಂತೆ. ಟ್ರಂಕು ಸಾಲದೆ ಇನ್ನೊಂದು ತಂದಿದ್ದೇವೆ. ಆ ನಲ್ಲಿಯ ಹತ್ತಿರ ಮಾತಾಡಿದವಳೂ ಅಸ್ತರು ಹೊಲಿಯಲು ಬರುತ್ತಾಳೆ. ಅವಳ ಹೊಲಿಗೆ ದೊಡ್ಡದು, ಮಾತಿನ ಹಾಗೆಯೇ, ನಾನು ಎರಡು ಸಲ ಬಿಚ್ಚಿಸುತ್ತೇನೆ.

ಇಷ್ಟು ಹೇಳಿದವಳು ಮೊನ್ನೆ ನಡೆದದ್ದನ್ನು ಹೇಳದೆ ಬಿಡಬಾರದು.

ಸೊಸೆಯ ಅಣ್ಣನಿಗೆ ಹೆಣ್ಣು ಕೂಸು ಹುಟ್ಟಿತು. ಅವನ ಹೆಂಡತಿಯ ತವರು ಕುಷ್ಟಗಿ ಹತ್ತಿರದ ಹಳ್ಳಿ, ಹೆರಿಗೆಯಾದದ್ದು ಅಲ್ಲಿಯೇ. ತೊಟ್ಟಿಲ ಕಾರ್ಯಕ್ಕೆ ನಾವೂ ಹೋದೆವು. ಸೊಸೆಯೇ ಸೋದರತ್ತೆ, ಹೋಗದಿದ್ದರೆ ನಡೆಯುತ್ತದೆಯೇ? ಕುಂಚಿಗಿಯನ್ನು ಮಾತ್ರ ನಾವು ಒಯ್ಯುವಂತಿರಲಿಲ್ಲ, ಅದು ಆ ಮನೆಯವರ ಹಕ್ಕು. ಇಬ್ಬರೂ ಬೆಳ್ಳಿ ಕಡಗ ಒಯ್ದೆವು.

ಒಳಗೆ ಹೋಗಿ ಕೂತೆವು. ತೊಟ್ಟಿಲ ಪಕ್ಕದ ಹಿತ್ತಾಳೆ ತಟ್ಟೆಯಲ್ಲಿ ಅರಿಷಿಣ, ಕುಂಕುಮ, ಬೆಲ್ಲ, ಅದರ ನಡುವೆ ಒಂದು ಕುಂಚಿಗಿ. ಕುಂಕುಮ ಬಣ್ಣದ್ದು, ಹಸಿರು ಅಂಚು. ಒಳಗೆ ಮಡಿಚಿಟ್ಟ ಕಸಿ, ಸುತ್ತಿದ ದಾರ. ದೂರದಿಂದಲೇ ಗುರುತು ಸಿಕ್ಕಿತು. ಹಡೆದ ಮಕ್ಕಳ ಗುರುತು ಸಿಗದೆ ಇರುತ್ತದೆಯೇ? ಸೊಸೆಗೂ ಸಿಕ್ಕಿತು, ಮೊಣಕೈಯಿಂದ ನನ್ನನ್ನು ತಿವಿದಳು.

ಹೆಂಗಸರು ಇನ್ನೂ ಸೇರುತ್ತಿದ್ದರು. ಹೊತ್ತಾಗುತ್ತದೆ, ಕಸಿ ಹಚ್ಚಿಬಿಡೋಣ ಎಂದು ನಾನು ಚಾಳಿಯಂತೆ ಕೈ ಚಾಚಿ ಕುಂಚಿಗಿ ಎತ್ತಿದೆ. ಕೂಸಿನ ಮುತ್ತಜ್ಜಿ, ಹಲ್ಲಿಲ್ಲದ ಮುದುಕಿ, ಗಬಕ್ಕನೆ ನನ್ನ ಕೈ ಹಿಡಿದಳು.

"ಅಯ್ಯ, ಇಡ್ರಿ ಯವ್ವಾ ಕೆಳಗ!"

"ಕಸಿ ಹಚ್ಚೂನು ಅಂತ..."

"ನೀವು ಹಚ್ಚಬಾರದ್ರಿ. ಸೋದರತ್ತಿ ಹಚ್ಚಬೇಕು. ಹಿಂದಿನ ಕಾಲದಿಂದ ಬಂದ ಪದ್ಧತಿ ಐತಿ. ನಿಮ್ಮ ನವಲಿ ಕಡೆ ಇದೆಲ್ಲ ಇಲ್ಲೇನ್ರಿ?"

"ಇಲ್ರಿ," ಎಂದೆ. ಬೇರೇನು ಹೇಳಲಿ?

"ಕಾಲುವಿ ನೀರು ಕುಡದು ಎಲ್ಲಾ ಮರ್ತೀರಿ ನೀವು," ಎಂದು ಆ ಮುದುಕಿ ಉಳಿದವರ ಕಡೆ ತಿರುಗಿ ಹೇಳಿದಳು. ಎಲ್ಲರೂ ನಕ್ಕರು. ನಾನು ಕುಂಚಿಗಿ ಕೆಳಗಿಟ್ಟು ಕೈ ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟು ಜನರ ಮುಂದೆ ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲೇ ಇಲ್ಲ.

ಸೊಸೆಯನ್ನು ಮಣೆಯ ಮೇಲೆ ಕೂರಿಸಿದರು. ಕಾಲು ಮಡಿಚಿ ಕೂತಳು, ಕಾಲುಂಗುರ ಎಲ್ಲರಿಗೂ ಕಾಣುತ್ತಿದ್ದವು. ಸೀರೆಯ ಅಂಚು ಎಳೆದುಕೊಳ್ಳಲಿಲ್ಲ. ಸೂಜಿ ಪೋಣಿಸಿದಳು. ಹೆಂಗಸರೆಲ್ಲ ಬಗ್ಗಿ ನೋಡುತ್ತಿದ್ದರು. ಆ ಬೆರಳು ಖಣದ ಮೇಲೆ ಆಡಿದ್ದನ್ನು ಬಾಣಂತಿಯ ತಾಯಿ ನೋಡಿ, "ಎಷ್ಟು ಮೆತ್ತನ್ನ ಕೈ ಐತ್ರಿ ನಿಮ್ಮ ಸೊಸಿದು, ಮನ್ಯಾಗ ಏನೂ ಕೆಲಸ ಹಚ್ಚಂಗಿಲ್ಲೇನು?" ಎಂದಳು.

ಬಲಗಡೆಯದು ಸರಿಯಾಗಿ ಕೂತಿತು. ಎಡಗಡೆಯ ಕಸಿ ಒಂದೆಳೆ ಹಿಂದೆ ಬಿತ್ತು. ನಗು ತಡೆದುಕೊಂಡು ಹೊಲಿದರೆ ಹಾಗೆಯೇ ಆಗುತ್ತದೆ. ಬೇರೆಯವರ ಮನೆ, ಶುಭಕಾರ್ಯ, ಸುಮ್ಮನಿರಬೇಕೆಂದು ನನಗೂ ಗೊತ್ತಿತ್ತು.

"ಎಡಗಡಿದು ಹಿಂದ ಬಿದ್ದೈತಿ," ಎಂದೆ.

"ಇರ್ಲಿ ಬಿಡ್ರಿ, ನಿಮಗೇನ್ ತಿಳಿತೈತಿ ಇದರಾಗ," ಎಂದಳು ಮುತ್ತಜ್ಜಿ.

ಸೊಸೆ ತಲೆ ಎತ್ತಲಿಲ್ಲ. ದಾರ ಹಲ್ಲಿನಿಂದ ಕಡಿದು, ಬಿಚ್ಚಿ, ಮತ್ತೆ ಹಚ್ಚಿದಳು. ಗಂಟನ್ನು ಎರಡು ಬಟ್ಟೆಯ ನಡುವೆ ಅಡಗಿಸಿದಳು. ಆಮೇಲೆ ಎಲ್ಲರನ್ನೂ ದಾಟಿಸಿ ನನ್ನ ಮುಂದೆ ಹಿಡಿದಳು.

"ಈಗ ನೋಡ್ರಿ ಅತ್ತಿ."

ಒಳಗೆ ತಿರುವಿ ನೋಡಿದೆ, ಹೊರಗೆ ತಿರುವಿ ನೋಡಿದೆ.

"ಈಗ ಕುಂಚಿಗಿ ಆತು," ಎಂದೆ.